ಖಾಲಿ ಬಿಟ್ಟ ಗೆರೆ

ಹೋದ ತಿಂಗಳು ಇಲ್ಲಿನ ದಿನಪತ್ರಿಕೆಯೊಂದರ ಕಚೇರಿಯಿಂದ ನನಗೆ ಫೋನ್ ಬಂತು. ಮಾತಾಡಿದವರು ನಿಧನ ವಾರ್ತೆಗಳ ಪುಟ ನೋಡಿಕೊಳ್ಳುವ ಮಹಿಳೆ. ನಾನು ಕಳಿಸಿದ್ದ ಫಾರ್ಮಿನಲ್ಲಿ ವಯಸ್ಸಿನ ಜಾಗದಲ್ಲಿ ಎರಡು ಸಂಖ್ಯೆಗಳಿವೆ, ಯಾವುದನ್ನು ಉಳಿಸಿಕೊಳ್ಳಲಿ ಎಂದು ವಿನಯವಾಗಿ ಕೇಳಿದರು. ಸ್ವಲ್ಪ ಸಮಯ ಕೊಡಿ, ನಾನೇ ಫೋನ್ ಮಾಡುತ್ತೇನೆ ಎಂದೆ. ಇಂಥದ್ದೇ ಪ್ರಶ್ನೆಯೊಂದನ್ನು ಹಿಂದೆ ಒಮ್ಮೆ ನಾನು ಯಾರನ್ನೂ ಕೇಳದೆ ತೀರ್ಮಾನ ಮಾಡಿದ್ದೆ. ಅದರ ಭಾರವನ್ನು ಹೊತ್ತವರು ಈಗ ತೀರಿಕೊಂಡಿರುವ ಇದೇ ಮನುಷ್ಯ.

ಅವರನ್ನು ನಾನು ಮೇಷ್ಟ್ರು ಎನ್ನುತ್ತಿದ್ದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾಗಿ, ಅಮೆರಿಕದ ಸರಟೋಗಾದಲ್ಲಿದ್ದ ಮಗಳ ಮನೆಗೆ ಬಂದಿದ್ದರು. ಮಂಡ್ಯ ಕಡೆಯ ಹಳ್ಳಿಯವರು. ಅಂಥವರು ಫ್ರೆಂಚ್ ಮೇಷ್ಟ್ರಾದದ್ದು ಹೇಗೆ ಎಂದು ಕೇಳಿದರೆ ಎರಡು ಕಥೆ ಹೇಳುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರದ ಚರ್ಚಿನಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಇದ್ದರು, ಅವರ ಸೈಕಲ್ಲು ಒರೆಸಿ ಕೊಟ್ಟು ಕಲಿತೆ ಎಂಬುದು ಒಂದು. ಕಾಲೇಜು ಸೇರುವ ದಿನ ತಡವಾಗಿ ಹೋದೆ, ಹಿಂದಿ ಕ್ಲಾಸು ತುಂಬಿಹೋಗಿತ್ತು, ಫ್ರೆಂಚ್ ಕ್ಲಾಸಿನ ಬೆಂಚು ಖಾಲಿ ಇತ್ತು ಎಂಬುದು ಇನ್ನೊಂದು. ಯಾವುದು ನಿಜ ಎಂದರೆ, "ಎರಡೂ ಹೇಳಿದೀನಲ್ಲವ್ವಾ, ಇನ್ನೇನು ಬೇಕು ನಿಂಗೆ?" ಎಂದು ಕಾರಿನ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ಕಾರು ನನ್ನದು. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದ ನಾನು ಮದುವೆಯಾಗಿ ಇಲ್ಲಿಗೆ ಬಂದು, ಡಾಟ್‌ಕಾಮ್ ಕಂಪನಿಯೊಂದರಲ್ಲಿ ಬರಹ ತಿದ್ದುವ ಕೆಲಸ ಹಿಡಿದಿದ್ದೆ. ಆಫೀಸು ಸ್ಯಾನ್ ಮಟಿಯೋದಲ್ಲಿ. ದಿನವೂ ಬೆಳಿಗ್ಗೆ ಸರಟೋಗಾಕ್ಕೆ ಹೋಗಿ ಮೇಷ್ಟ್ರನ್ನು ಹತ್ತಿಸಿಕೊಳ್ಳುತ್ತಿದ್ದೆ. ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯ ಕಾರ್‌ಪೂಲ್ ಲೇನಿನಲ್ಲಿ ಸಲೀಸಾಗಿ ಹೋಗಬಹುದಾಗಿತ್ತು. "ಕಂಪನಿಗೆ ನನ್ನ ಫ್ರೆಂಚ್ ಬೇಕು, ನಿಂಗೆ ನನ್ನ ತಲೆ ಬೇಕು. ಎರಡನೇ ತಲೆ," ಎನ್ನುತ್ತಿದ್ದರು.

ಕಂಪನಿ ಮಾರುತ್ತಿದ್ದದ್ದು ಮನೆತನದ ಹೆಸರುಗಳ ಮೂಲವನ್ನು. ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಟೈಪ್ ಮಾಡಿದರೆ ಅದರ ಮೂಲ, ಅರ್ಥ ಒಂದು ಸಾಲಿನಲ್ಲಿ ಕಾಣುತ್ತಿತ್ತು. ಬೇಕೆಂದವರಿಗೆ ಅದನ್ನೇ ದಪ್ಪ ಕಾಗದದಲ್ಲಿ ಅಚ್ಚು ಮಾಡಿ, ಚೌಕಟ್ಟು ಹಾಕಿಸಿ, ಸರ್ಟಿಫಿಕೇಟಿನಂತೆ ಮನೆಗೆ ಕಳಿಸುತ್ತಿದ್ದರು. ನಮ್ಮ ಮ್ಯಾನೇಜರು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವನು, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವನು. ಯುಗಾದಿಯ ಊಟಕ್ಕೆ ಸೇರಿದ್ದ ಕನ್ನಡದವರ ನಡುವೆ ಮೇಷ್ಟ್ರು ಸಿಕ್ಕಿದಾಗ, ಹೋಳಿಗೆ ತಟ್ಟೆ ಹಿಡಿದುಕೊಂಡೇ ಅವರಿಗೆ ಫ್ರೆಂಚ್ ಹೆಸರುಗಳ ಜವಾಬ್ದಾರಿ ಒಪ್ಪಿಸಿದ.

ಮೊದಲ ದಿನ ಕೊಟ್ಟ ಬ್ಯಾಡ್ಜಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅವರ ಊರಿನ ಹೆಸರಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗ ಖಾಲಿ ಬಿಡುವಂತಿಲ್ಲ ಎಂದು ಯಾರೋ ಇನಿಷಿಯಲ್ಲನ್ನು ಬಿಡಿಸಿ ತುಂಬಿದ್ದರು. ಆಫೀಸಿನ ಅಮೆರಿಕನ್ನರೆಲ್ಲ ಅವರನ್ನು ಮಿಸ್ಟರ್ ಎಂದು ಸೇರಿಸಿ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಮೇಷ್ಟ್ರಿಗೆ ಅದು ಖುಷಿ ಕೊಡುತ್ತಿತ್ತು. "ಇಡೀ ಊರನ್ನೇ ಕತ್ತಿಗೆ ನೇತಾಕ್ಕೊಂಡು ಓಡಾಡ್ತಿದೀನಿ ಕಣವ್ವ. ಕೆರೆ, ಮಾರಮ್ಮನ ಗುಡಿ, ಸೊಸೈಟಿ, ಎಲ್ಲಾ ಇದರೊಳಗೇ ಅದೆ." ಆ ಹೆಸರನ್ನು ಒಮ್ಮೆ ನಮ್ಮ ವೆಬ್‌ಸೈಟಿನಲ್ಲೇ ಟೈಪ್ ಮಾಡಿ ನೋಡಿದೆವು. ಮಾಹಿತಿ ಇಲ್ಲ ಎಂದು ಬಂತು. "ನಿಮ್ಮ ಸೈಟು ಸತ್ಯ ಹೇಳಿದ್ದು ಇದೊಂದೇ," ಎಂದು ಮ್ಯಾನೇಜರಿನ ಭುಜ ತಟ್ಟಿದರು.

ಅವರ ಕೆಲಸದ ಕ್ರಮ ಬೇರೆ. ಕಂಪ್ಯೂಟರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಪರದೆಯತ್ತ ತಿರುಗುತ್ತಲೇ ಇರಲಿಲ್ಲ. ಪ್ರತಿ ಹೆಸರಿಗೂ ಒಂದು ರಟ್ಟಿನ ಕಾರ್ಡು. ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡಗಡೆ ಒಂದು ಅಭಿಪ್ರಾಯ, ಬಲಗಡೆ ಅದನ್ನು ಒಪ್ಪದವರ ಅಭಿಪ್ರಾಯ. ಹಳೆಯ ಪುಸ್ತಕದ್ದು ಎಡಕ್ಕೆ, ಆಮೇಲೆ ಬಂದದ್ದು ಬಲಕ್ಕೆ. ಕೆಳಗೆ ಒಂದು ಗೆರೆ ತಮ್ಮ ತೀರ್ಮಾನಕ್ಕೆ. ಬಹಳ ಕಾರ್ಡುಗಳಲ್ಲಿ ಆ ಗೆರೆ ಖಾಲಿ.

ಆಫೀಸಿನಲ್ಲಿ ಕಾರ್ಡು ಹರಡುವಷ್ಟು ಉದ್ದದ ಮೇಜು ಒಂದೇ ಇತ್ತು, ಪಿಂಗ್‌ಪಾಂಗ್ ಮೇಜು. ನೆಟ್ಟಿನ ಒಂದು ಕಡೆ ತಂಟೆಯಿಲ್ಲದ ಹೆಸರುಗಳು, ಇನ್ನೊಂದು ಕಡೆ ವಿವಾದದವು. ರೋಬೇರ್, ಬೆರ್ನಾರ್, ಜೆರಾರ್ ತಂಟೆಯಿಲ್ಲದವು. ಫ್ರಾನ್ಸಿನ ತುಂಬ ಇರುವ ಈ ಹೆಸರುಗಳು ರೈನ್ ನದಿ ದಾಟಿ ಬಂದ ಜರ್ಮನಿಕ್ ಪಂಗಡಗಳವು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ರೆನಾರ್ ವಿವಾದದ ಕಡೆಗಿತ್ತು. ಅದು ಮೊದಲು ಗಂಡಸರ ಹೆಸರು, ಆಮೇಲೆ ಫ್ರೆಂಚಿನಲ್ಲಿ ನರಿಗೆ ಅದೇ ಹೆಸರಾಯಿತು. ಹಾಗಾದರೆ ಒಂದು ಮನೆತನಕ್ಕೆ ಅದು ಅಂಟಿಕೊಂಡದ್ದು ಅಜ್ಜನಿಂದಲೋ ನರಿಬುದ್ಧಿಯಿಂದಲೋ? ಮೇಷ್ಟ್ರು ಆ ಕಾರ್ಡು ಹಿಡಿದು ಅರ್ಧ ಗಂಟೆ ನಿಲ್ಲುತ್ತಿದ್ದರು. ಬ್ಯಾಟು ಹಿಡಿದ ಎಂಜಿನಿಯರುಗಳು ಗೋಡೆಗೊರಗಿ ಕಾಯುತ್ತಿದ್ದರು.

"ಸಾರ್, ಹುಡುಗ್ರದು ಮ್ಯಾಚ್ ಇದೆ. ಒಂದ್ಕಡೆ ಹಾಕ್ಬಿಡಿ ಸಾರ್," ಎಂದ ಒಮ್ಮೆ ಮ್ಯಾನೇಜರು.

"ಯಾವ ಕಡೆ ಹಾಕಲಪ್ಪಾ?"

"ಯಾವ್ದಾದ್ರೂ. ಕಸ್ಟಮರ್‌ಗೆ ಒಂದು ಆನ್ಸರ್ ಬೇಕು ಅಷ್ಟೇ."

"ಪರೀಕ್ಷೇಲಿ ಗೊತ್ತಿಲ್ಲ ಅಂತ ಬರೆದೋನಿಗೆ ನಾನು ಅರ್ಧ ಮಾರ್ಕು ಕೊಡ್ತಿದ್ದೆ. ಗೊತ್ತಿರೋ ಥರ ಬರೆದೋನಿಗೆ ಸೊನ್ನೆ. ನಿಂಗೆ ಎಷ್ಟು ಕೊಡ್ಲಿ?"

ಮ್ಯಾನೇಜರು ನಗುತ್ತ ಹೋದ. ಆಟ ಆ ದಿನ ನಡೆಯಲಿಲ್ಲ.

ಫ್ರೆಂಚ್ ಹೆಸರುಗಳನ್ನು ಸೈಟಿಗೆ ಹಾಕುವ ವಾರ ಅವರ ಕಾರ್ಡುಗಳನ್ನೆಲ್ಲ ನಾನು ಟೈಪ್ ಮಾಡಿ, ಅಚ್ಚು ತೆಗೆದು ಅವರ ಮುಂದಿಟ್ಟೆ. ಒಂದೊಂದೇ ಓದಿ ಪ್ರತಿ ಹಾಳೆಯ ಕೆಳಗೂ ಇನಿಷಿಯಲ್ ಹಾಕಿದರು. ಆ ಇನಿಷಿಯಲ್ ಪ್ರತಿ ಸರ್ಟಿಫಿಕೇಟಿನ ಮೇಲೂ ಅಚ್ಚಾಗುತ್ತಿತ್ತು, ಪರಿಶೀಲಿಸಿದವರು ಎಂಬ ಮಾತಿನೊಂದಿಗೆ. ಅವರು ಸಹಿ ಹಾಕಿದ ಮೇಲೆ ಗೊತ್ತಾಯಿತು, ಪರದೆಯ ಮೇಲೆ ಒಂದು ಹೆಸರಿಗೆ ಒಂದೇ ಸಾಲು ಹಿಡಿಸುತ್ತದೆ ಎಂದು.

ಪತ್ರಿಕೆಯಲ್ಲಿ ನಮಗೆ ಮೊದಲು ಕಲಿಸುವುದು ಇದನ್ನೇ. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ಬರೆದವರನ್ನು ಕೇಳಬೇಕಾಗಿಲ್ಲ. ಕರಡು ಒಪ್ಪಿಯಾದ ಮೇಲೂ ಪುಟ ಕಟ್ಟುವಾಗ ನಾಲ್ಕು ಸಾಲು ಹಾರಿಸುವುದು ನಮಗೆ ನಿತ್ಯದ ಕೆಲಸ. ಆ ಮಧ್ಯಾಹ್ನ ನಾನು ಪ್ರತಿ ಹೆಸರಿನ ವಿವರಣೆಯ ಕೊನೆಯ ಭಾಗವನ್ನು ತೆಗೆದೆ. 'ಬಹುಶಃ', 'ಕೆಲವರ ಪ್ರಕಾರ' ಎಂಬ ಪದಗಳನ್ನೂ ತೆಗೆದೆ. ಮೇಷ್ಟ್ರು ಮೊದಲು ಬರೆದದ್ದು ಮುಖ್ಯವಾದದ್ದಲ್ಲ, ಹಳೆಯ ಪುಸ್ತಕದ್ದು ಅಷ್ಟೇ ಎಂಬುದು ನನಗೆ ಗೊತ್ತಿತ್ತು. ಕೈಗೆ ನೆನಪಾಗಲಿಲ್ಲ. ಕತ್ತರಿಸಿ ಮುಗಿಸಿದಾಗ, ಹೇಳುವುದಕ್ಕೆ ಬೇಸರವಾಗುತ್ತದೆ, ಅಚ್ಚುಕಟ್ಟಾದ ಕೆಲಸ ಮಾಡಿದ ತೃಪ್ತಿಯೇ ಇತ್ತು.

ಕೆಲವು ತಿಂಗಳ ಮೇಲೆ ಗುಡ್ಡದಾಚೆಯ ಪ್ಲೆಸೆಂಟನ್ ಊರಿನಿಂದ ಒಂದು ಕಾಗದ ಬಂತು. ಕೈಬರಹದ್ದು, ಸರ್ಟಿಫಿಕೇಟಿನ ಮೇಲಿದ್ದ ಇನಿಷಿಯಲ್ಲಿಗೇ ಬರೆದದ್ದು. ಬರೆದ ಹೆಂಗಸು ಅಮೆರಿಕದವರು, ಅವರ ಗಂಡ ಫ್ರಾನ್ಸಿನ ಲೊರೇನ್ ಪ್ರಾಂತ್ಯದಿಂದ ಬಂದು ನೆಲೆಸಿದವರು. ಮನೆತನದ ಹೆಸರು ಗೋದ್ಯಾಂ. ಗಂಡನ ಹುಟ್ಟುಹಬ್ಬಕ್ಕೆಂದು ಸರ್ಟಿಫಿಕೇಟು ತರಿಸಿದ್ದರು. ಅದರಲ್ಲಿ ಹೀಗಿತ್ತು: ಜರ್ಮನಿಕ್ ಮೂಲ, ಅರ್ಥ ಆಳುವವನು. ಗಂಡ ಅದನ್ನು ಓದಿ ಗ್ಯಾರೇಜಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರಂತೆ. ಯುದ್ಧದ ಕಾಲದಲ್ಲಿ ಅವರ ಊರನ್ನು ಜರ್ಮನರು ಹಿಡಿದಿದ್ದಾಗ, ಮೇಜಿನ ಹಿಂದೆ ಕೂತ ಒಬ್ಬ ಅಧಿಕಾರಿ ಅವರ ತಂದೆಗೆ, ನಿಮ್ಮ ಹೆಸರು ನಮ್ಮದು, ನಿಮ್ಮ ಮಗನೂ ನಮ್ಮವನೇ ಎಂದಿದ್ದನಂತೆ. ಆ ಮಗನಿಗೆ, ಅಂದರೆ ಗಂಡನ ಅಣ್ಣನಿಗೆ, ಬಲವಂತವಾಗಿ ಜರ್ಮನ್ ಸಮವಸ್ತ್ರ ತೊಡಿಸಿದರು. ಅವನು ವಾಪಸು ಬರಲಿಲ್ಲ. 'ಆ ಅಧಿಕಾರಿ ಹೇಳಿದ್ದು ಸರಿಯೆಂದು ನೀವೂ ಪರಿಶೀಲಿಸಿದ್ದೀರಾ?' ಎಂಬುದು ಕಾಗದದ ಕೊನೆಯ ವಾಕ್ಯ.

ಮೇಷ್ಟ್ರು ಪಿಂಗ್‌ಪಾಂಗ್ ಮೇಜಿನ ಹತ್ತಿರ ನಿಂತೇ ಅದನ್ನು ಓದಿದರು. ಪೆಟ್ಟಿಗೆಯಿಂದ ಆ ಹೆಸರಿನ ಕಾರ್ಡು ತೆಗೆದರು. ಎಡಗಡೆ, ಜರ್ಮನಿಕ್, ಆಳು ಎಂಬ ಧಾತುವಿನಿಂದ. ಬಲಗಡೆ, ಅಲ್ಲ, ಲ್ಯಾಟಿನ್ನಿನ ಸಂತೋಷ ಎಂಬ ಪದದಿಂದ. ಕೆಳಗಿನ ಗೆರೆ ಖಾಲಿ.

"ಇನ್ನರ್ಧ ಎಲ್ಲೋಯ್ತು?" ಎಂದರು.

ಮ್ಯಾನೇಜರು ನನ್ನ ಕಡೆ ನೋಡಿದ. "ಸೈಟಿಗೆ ಹಾಕೋವಾಗ ಕಟ್ ಆಗಿರ್ಬೇಕು ಸಾರ್," ಎಂದೆ. ಹೇಳಿದ್ದು ಸುಳ್ಳಲ್ಲ. ಕತ್ತರಿಸಿದವರು ಯಾರೆಂಬುದು ಮಾತ್ರ ಆ ಮಾತಿನಲ್ಲಿ ಇರಲಿಲ್ಲ.

"ಶನಿವಾರ ಕಾರು ತೆಗೀತೀಯಾ?"

"ಫೋನ್ ಮಾಡಿ ಹೇಳಿದ್ರೆ ಸಾಕಲ್ವಾ ಮೇಷ್ಟ್ರೇ?"

"ಗೋಡೆಗೆ ತಿರುಗಿಸಿ ಇಟ್ಟವ್ರೆ ಅಂತ ಬರೆದವ್ರಲ್ಲವ್ವಾ. ಹೋಗಬೇಕು. ಕೆಳಗಿರೋದು ನನ್ನ ಅಕ್ಷರ."

ಶನಿವಾರ ಹೊರಟೆವು. ಬೇಸಿಗೆಯ ಆರಂಭ, ಗುಡ್ಡಗಳು ಆಗಲೇ ಬಾಡಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ಬ್ಯಾಡ್ಜೂ ಇತ್ತು. ರಜಾ ದಿನ ಬ್ಯಾಡ್ಜು ಯಾಕೆ ಎಂದರೆ, ನಾನು ಯಾರು ಅಂತ ಅವರಿಗೆ ಗೊತ್ತಾಗಬೇಡವೇ ಎಂದರು. ದಾರಿಯುದ್ದಕ್ಕೂ ಕಾರ್ಡನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

ಆ ಮನೆಯ ಯಜಮಾನರು ತೆಳ್ಳಗೆ, ನೆಟ್ಟಗೆ ಇದ್ದರು. ಕಂದುಬಣ್ಣದ ಮುದುಕರೊಬ್ಬರು ಬಾಗಿಲಲ್ಲಿ ನಿಂತು ಫ್ರೆಂಚಿನಲ್ಲಿ ನಮಸ್ಕಾರ ಹೇಳಿದ್ದನ್ನು ಕೇಳಿ ಒಂದು ಗಳಿಗೆ ತಡವರಿಸಿ, ಒಳಗೆ ಕರೆದರು. ಅವರಿಬ್ಬರೂ ಫ್ರೆಂಚಿನಲ್ಲಿ ಮಾತಾಡಿದರು. ಹೆಂಡತಿ ನನ್ನ ಪಕ್ಕ ಕೂತು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

ಮೇಷ್ಟ್ರು ಕಾರ್ಡನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟರು. ಎಡಗಡೆಯದನ್ನು ಬೆರಳಿಟ್ಟು ಓದಿದರು, ಬಲಗಡೆಯದನ್ನು ಓದಿದರು.

"ಯಾವುದು ನಿಜ?" ಎಂದರು ಯಜಮಾನರು.

"ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ಹಾಗಾದರೆ ಅವನಿಗೆ ಹೇಗೆ ಗೊತ್ತಿತ್ತು?" ಅವನೆಂದರೆ ಆ ಅಧಿಕಾರಿ.

"ಅವನಿಗೂ ಗೊತ್ತಿರಲಿಲ್ಲ. ಒಂದು ಕಡೆ ಓದಿದ್ದ. ಇನ್ನೊಂದು ಕಡೆ ಇದೆ ಅಂತ ನಿಮ್ಮ ತಂದೆಗೆ ಹೇಳಲಿಲ್ಲ. ಅವನು ಮೋಸ ಮಾಡಿದ್ದು ಅಲ್ಲಿ." ಮೇಷ್ಟ್ರು ಮತ್ತೆ ಕಾರ್ಡಿನ ಎಡಗಡೆ ಬೆರಳಿಟ್ಟರು. "ಎಡಗಡೆಯದೇ ನಿಜ ಅಂತಿಟ್ಟುಕೊಳ್ಳೋಣ. ಆಗಲೂ ಅವನು ಹೇಳಿದ್ದು ತಪ್ಪೇ. ಆ ಹೆಸರು ಹೊತ್ತು ಬಂದವರು ಸಾವಿರದೈನೂರು ವರ್ಷದ ಹಿಂದೆ ಬಂದ ಫ್ರಾಂಕರು. ಫ್ರಾನ್ಸ್ ಅನ್ನುವ ಹೆಸರೇ ಅವರಿಂದ ಬಂದದ್ದು. ಹೆಸರು ಹಿಡಿದು ನಿಮ್ಮನ್ನು ಒಯ್ಯಬಹುದು ಅನ್ನುವುದಾದರೆ ಅವನು ದೇಶವನ್ನೇ ಒಯ್ಯಬೇಕಾಗಿತ್ತು."

"ಒಯ್ದಿದ್ದ," ಎಂದರು ಯಜಮಾನರು.

ಹೆಂಡತಿ ಎದ್ದು ಕಾಫಿ ತಂದರು.

"ನಿಮ್ಮಲ್ಲಿಯೂ ಅದೇ ಆಯಿತಲ್ಲ," ಎಂದರು ಯಜಮಾನರು ಆಮೇಲೆ. ಹೆಂಡತಿ ಅದನ್ನೂ ನನಗೆ ಹೇಳಿದರು. "ಒಂದು ಕಡೆಯನ್ನು ಮಾತ್ರ ಕಳಿಸಿದಿರಿ."

"ಆಯಿತು. ಸಹಿ ನನ್ನದು. ಅದನ್ನು ಹೇಳುವುದಕ್ಕೇ ಬಂದೆ," ಎಂದರು ಮೇಷ್ಟ್ರು.

ನಾನು ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ. ಇನ್ನರ್ಧ ಕತ್ತರಿಸಿದ್ದು ನಾನು, ಇವರು ಸಹಿ ಹಾಕಿದ ಮೇಲೆ, ಇವರಿಗೆ ಹೇಳದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಜಮಾನರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಯಾಕೆ?"

"ಜಾಗ ಸಾಲಲಿಲ್ಲ."

ಅವರು ಮೇಷ್ಟ್ರ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಹೇಳಿದರು. ಹೆಂಡತಿ ಅದೊಂದನ್ನು ನನಗೆ ಹೇಳಲಿಲ್ಲ.

ವಾಪಸು ಬರುವಾಗ ಗುಡ್ಡ ಇಳಿದು ಮಿಲ್ಪಿಟಾಸ್ ಊರಿನ ಹತ್ತಿರ ಬಂದೆವು. ಆ ಯಜಮಾನರು ಕೊನೆಗೆ ಫ್ರೆಂಚಿನಲ್ಲಿ ಹೇಳಿದ್ದೇನು ಎಂದು ನಾನೇ ಕೇಳಿದೆ.

"ಆ ಅಧಿಕಾರಿ ಮುಂದೂ ಒಂದು ಫಾರ್ಮು ಇತ್ತಂತೆ. ಅದರಲ್ಲಿ ಜನಾಂಗ ಬರೆಯೋಕೆ ಒಂದೇ ಖಾನೆ. ಇವರಪ್ಪ ಏನೋ ಹೇಳೋಕೋದ್ರೆ, ಜಾಗ ಇಲ್ಲ ಅಂದನಂತೆ."

ನಾನು ಕಾರಿನ ವೇಗ ಹೆಚ್ಚಿಸಿದೆ. ಮೇಷ್ಟ್ರು, "ಒಸಿ ನಿಧಾನಕ್ಕೆ ಓಡ್ಸು. ಇವತ್ತು ಎರಡನೇ ತಲೆ ಕೆಲಸ ಮಾಡ್ತಿಲ್ಲ," ಎಂದರು. ನಾನು ಕತ್ತರಿಸಿದ್ದರ ಬಗ್ಗೆ ಅವರು ನನಗೆ ಬೇರೇನೂ ಹೇಳಲಿಲ್ಲ, ಆಗಲೂ, ಆಮೇಲೂ.

ಸೋಮವಾರ ಮ್ಯಾನೇಜರಿನ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ವಿವಾದದ ಹೆಸರುಗಳಿಗೆಲ್ಲ ಎರಡನೇ ಸಾಲು ಸೇರಿಸಬೇಕು, ಕೊಂಡವರಿಗೆ ತಿದ್ದುಪಡಿ ಕಳಿಸಬೇಕು ಎಂದರು.

"ಸಾರ್, ಇನ್ವೆಸ್ಟರ್ಸ್ ಬರ್ತಿದಾರೆ. ಈಗ ಹೋಗಿ ನಾವು ಕಳಿಸಿದ್ದು ಅರ್ಧ ಅಂತ ಹೇಳಕ್ಕಾಗತ್ತಾ? ಗೊತ್ತಿಲ್ಲ ಅಂತ ಫ್ರೇಮ್ ಹಾಕ್ಸಿ ಯಾರ್ ಸಾರ್ ಗೋಡೆಗೆ ಹಾಕ್ಕೊಳ್ತಾರೆ?"

"ಸರಿ. ನನ್ನ ಇನಿಷಿಯಲ್ ತೆಗಿ."

"ಅದು ತೆಗೆದ್ರೆ ಯಾರೂ ನಂಬಲ್ವಲ್ಲ ಸಾರ್."

"ಅದಕ್ಕೇ ತೆಗಿ ಅಂತಿರೋದು."

ಮ್ಯಾನೇಜರು ಕೆಟ್ಟವನಲ್ಲ. ಆ ವಾರವೇ ಇನಿಷಿಯಲ್ ತೆಗೆಸಿದ. ಮೇಷ್ಟ್ರು ಅದನ್ನು ನನ್ನ ಪರದೆಯ ಮೇಲೆ, ಕಣ್ಣು ಕಿರಿದು ಮಾಡಿಕೊಂಡು, ತಾವೇ ನೋಡಿ ಖಚಿತಪಡಿಸಿಕೊಂಡು ಕೆಲಸ ಬಿಟ್ಟರು. ಹೊರಡುವಾಗ ಅವನು ಬ್ಯಾಡ್ಜು ಕೇಳಿದ.

"ಊರನ್ನ ಯಾರಾದ್ರೂ ಬುಟ್ಟು ಹೋಗ್ತಾರೇನಪ್ಪಾ?" ಎಂದು ಜೇಬಿಗೆ ಹಾಕಿಕೊಂಡರು. ಅವನು ಮತ್ತೆ ಕೇಳಲಿಲ್ಲ. ಪಿಂಗ್‌ಪಾಂಗ್ ಮೇಜು ಖಾಲಿಯಾಯಿತು, ಎಂಜಿನಿಯರುಗಳು ಆ ಮಧ್ಯಾಹ್ನ ಆಡಲೇ ಇಲ್ಲ. ನಾನು ಮಾರನೆಯ ದಿನದಿಂದ ನಿಧಾನದ ಲೇನಿನಲ್ಲಿ ಒಬ್ಬಳೇ ಹೋಗತೊಡಗಿದೆ.

ಕಂಪನಿ ಬಹಳ ದಿನ ಬಾಳಲಿಲ್ಲ. ಡಾಟ್‌ಕಾಮ್ ಕಂಪನಿಗಳು ಮುಳುಗುತ್ತಿದ್ದ ಕಾಲ ಅದು, ನಮ್ಮ ಸುತ್ತಲಿನ ಒಂದೊಂದೇ ಆಫೀಸು ಖಾಲಿಯಾಗಿ, ಗಾಲಿಕುರ್ಚಿಗಳು ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಂತಿದ್ದವು. ನಮ್ಮದು ಮುಚ್ಚುವ ವಾರ ಮ್ಯಾನೇಜರು ನನ್ನ ಮೇಜಿಗೆ ಬಂದು, ವಿವಾದದ ಹೆಸರಿನ ಸರ್ಟಿಫಿಕೇಟು ತರಿಸಿಕೊಂಡವರ ಪಟ್ಟಿಯನ್ನೂ ಒಂದು ಕಟ್ಟು ಪೋಸ್ಟ್‌ಕಾರ್ಡನ್ನೂ ಇಟ್ಟ. "ಇನ್ವೆಸ್ಟರ್ಸ್ ಯಾರೂ ಇಲ್ಲ ಈಗ. ಕಂಪನಿ ಹೆಸರಲ್ಲೇ ಕಳ್ಸಿ. ಸಾರ್‌ಗೆ ಹೇಳಿ," ಎಂದ.

ಸರಟೋಗಾದ ಮನೆಯ ಊಟದ ಮೇಜಿನ ಮೇಲೆ ನಾಲ್ಕು ಭಾನುವಾರ ಕೂತು ಬರೆದೆವು. ವಿಳಾಸ ಬರೆದದ್ದು ನಾನು, ಕತ್ತರಿಸಿಹೋದ ಅರ್ಧ ಬರೆದದ್ದು ಅವರು. ಒಂದೊಂದು ಕಾರ್ಡಿನ ಕೆಳಗೂ ಇನಿಷಿಯಲ್ ಹಾಕಿದರು. ಅವರ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ನೋಡಿ, ತಾತ ಯಾಕೆ ಇಮೇಲ್ ಮಾಡಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಕಾಗದದಲ್ಲಿ ಕಳಿಸಿದ ತಪ್ಪು ಕಣವ್ವ. ಕಾಗದದಲ್ಲೇ ಹೋಗಬೇಕು," ಎಂದರು. ಹುಚ್ಚೆಳ್ಳು ಪುಡಿ, ರೊಟ್ಟಿ ತಿನ್ನುತ್ತ ಬರೆದ ಕೆಲವು ಕಾರ್ಡುಗಳ ಜೊತೆ ಎಣ್ಣೆಯ ಗುರುತೂ ಅಂಚೆಗೆ ಹೋಯಿತು.

ಉತ್ತರ ಬಂದದ್ದು ಬಹಳ ಕಡಿಮೆ. ಮಕ್ಕಳಿಗೆ ಈಗ ಏನು ಹೇಳಲಿ ಎಂದು ಒಬ್ಬರು ಕೇಳಿದ್ದರು. ಎರಡೂ ಹೇಳಿ ಎಂದು ಮೇಷ್ಟ್ರು ಬರೆದರು. ಪ್ಲೆಸೆಂಟನ್‌ನಿಂದ ಒಂದು ಫೋಟೋ ಬಂತು. ಸರ್ಟಿಫಿಕೇಟು ಗೋಡೆಯ ಮೇಲಿತ್ತು. ಗಾಜಿನೊಳಗೆ, ಮೂಲೆಯಲ್ಲಿ, ನಮ್ಮ ಪೋಸ್ಟ್‌ಕಾರ್ಡನ್ನು ಸಿಕ್ಕಿಸಿದ್ದರು. ಮೇಷ್ಟ್ರು ಆ ಫೋಟೋವನ್ನು ಗೋದ್ಯಾಂ ಕಾರ್ಡಿನ ಹಿಂದೆ ಇಟ್ಟರು. ಕೆಳಗಿನ ಗೆರೆಯಲ್ಲಿ ಆಗಲೂ ಏನೂ ಬರೆಯಲಿಲ್ಲ.

ಈಗ ವಯಸ್ಸಿನ ವಿಷಯ. ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು ಅಂದಾಜಿನ ಮೇಲೆ ಒಂದು ಜನ್ಮದಿನಾಂಕ ಬರೆದುಕೊಂಡಿದ್ದರು. ಪಾಸ್‌ಪೋರ್ಟಿನಲ್ಲಿರುವುದು ಅದು. ಅವರ ಅವ್ವ ಹೇಳುತ್ತಿದ್ದದ್ದು ಬೇರೆ. ನಾಲೆಗೆ ಮೊದಲು ನೀರು ಬಿಟ್ಟ ವರ್ಷ ಹುಟ್ಟಿದವನು ಎಂದು. ಆ ಲೆಕ್ಕದಲ್ಲಿ ಎರಡು ವರ್ಷ ಹೆಚ್ಚಾಗುತ್ತದೆ. ಹುಟ್ಟುಹಬ್ಬಕ್ಕೆ ಮೊಮ್ಮಗಳು ಎಷ್ಟು ಕ್ಯಾಂಡಲ್ ಎಂದರೆ ಮೇಷ್ಟ್ರು ಎರಡು ಕೇಕು ತರಲು ಹೇಳುತ್ತಿದ್ದರು. ನಿಧನ ವಾರ್ತೆಯನ್ನು ನೀವೇ ಬರೆದುಕೊಡಿ ಎಂದು ಮಗಳು ಕೇಳಿದಾಗ, ಫಾರ್ಮಿನಲ್ಲಿ ಎರಡನ್ನೂ ಬರೆದಿದ್ದೆ.

ಪತ್ರಿಕೆಗೆ ಫೋನ್ ಮಾಡಿದೆ. ಎರಡೂ ಹಾಕಿ ಎಂದೆ.

"ಒಂದೇ ಹಾಕಲು ಆಗುತ್ತದೆ. ಅಷ್ಟೇ ಜಾಗ," ಎಂದರು ಆ ಮಹಿಳೆ.

"ಗೊತ್ತು. ಹಾಗಾದರೆ ಖಾಲಿ ಬಿಡಿ."

"ಓದಿದವರು ನಾವು ಮರೆತೆವು ಅಂದುಕೊಳ್ಳುತ್ತಾರೆ."

"ಅಂದುಕೊಳ್ಳಲಿ."

ಮರುದಿನ ಬಂತು. ಆ ಪುಟದಲ್ಲಿ ಎಲ್ಲರ ಹೆಸರಿನ ಮುಂದೆ ಒಂದು ಸಂಖ್ಯೆ ಇತ್ತು, ಮೇಷ್ಟ್ರ ಹೆಸರಿನ ಮುಂದೆ, ಅಂದರೆ ಅವರ ಊರಿನ ಹೆಸರಿನ ಮುಂದೆ, ಬಿಳಿ ಜಾಗವಿತ್ತು. ಬೆಳಿಗ್ಗೆಯೇ ಮಗಳ ಫೋನ್ ಬಂತು.

"ನೋಡಿದ್ರಾ? ಅಪ್ಪಂದು ಏಜೇ ಹಾಕಿಲ್ಲ. ನಾನು ಕಂಪ್ಲೇಂಟ್ ಮಾಡ್ಲಾ?"

"ಬೇಡ," ಎಂದೆ. "ಅದನ್ನ ನಾನು ನೋಡಿ, ಓಕೆ ಮಾಡಿ ಕಳಿಸಿದ್ದು."